ಗೌಡಶ್ಯಾನಿ ತತ್ತಿಯ ಅಳತಿ

ದೀಪಾವಳಿ ಇನ್ನೂ ಎಂಟು ದಿನ ಇತ್ತು. ಮುಂಜಾನೆ ಅಂಚೆಯವ ಟೇಲರ್ ನೀಲಪ್ಪನ ಅಂಗಳಕ್ಕೆ ಒಂದು ಕಾರ್ಡು ಎಸೆದು, ಸೈಕಲ್ ಹತ್ತಿ ಓಡಿಹೋದ. ಅವನದೇನೂ ತಪ್ಪಿಲ್ಲ. ಆ ಮನೆಯ ಹೊಸ್ತಿಲ ತನಕ ಹೋಗುವ ಧೈರ್ಯ ತಿಳವಳ್ಳಿಯಲ್ಲಿ ಯಾರಿಗೂ ಇದ್ದಿಲ್ಲ. ಅಲ್ಲಿ ಗೌಡಶ್ಯಾನಿ ಇದ್ದಳು.

ಗೌಡಶ್ಯಾನಿ ಅಂದರೆ ಒಂದು ಹೆಬ್ಬಾತು. ಎಂಬತ್ತನೇ ಇಸವಿಯಲ್ಲಿ ದನದ ಡಾಕ್ಟರು ಅದನ್ನು ತಂದು, ಹಳ್ಳಿಯಲ್ಲಿ ಹೆಂಗ ಬಾಳತೈತಿ ನೋಡೋಣಂತ ನೀಲಪ್ಪನಿಗೆ ಕೊಟ್ಟಿದ್ದರು. ಅದಕ್ಕೆ ಜೋಡಿ ಗಂಡು ಬಂದದ್ದು ಹಂಸಭಾವಿಯಿಂದ, ನೀಲಪ್ಪನ ಹೆಂಡತಿ ಗುತ್ತೆವ್ವನ ತವರೂರಿನಿಂದ. ಆ ಜೋಡಿಗೆ ಹುಟ್ಟಿದ ಎರಡು ಹೆಣ್ಣುಮರಿ ಬೆಳೆದು ಈಗಷ್ಟೇ ತತ್ತಿ ಇಡಲಿಕ್ಕೆ ಹತ್ತಿದ್ದವು. ತಾಯಿಯ ತತ್ತಿಯ ಗಾತ್ರ ಹೆಣ್ಣುಮಕ್ಕಳ ತತ್ತಿಗೆ ಇಳಿಯುತ್ತದೋ ಇಲ್ಲವೋ ಅನ್ನುವುದು ಡಾಕ್ಟರ ಚಿಂತೆ. ಸಣ್ಣ ತಕ್ಕಡಿ ಅವರ ಹತ್ತಿರ ಇದ್ದಿಲ್ಲ. ಟೇಪ್ ಹೆಂಗೂ ಕೊರಳಾಗ ಐತಲ್ಲ, ನಡುವಿನ ಸುತ್ತಳತಿ ಹಿಡಿದು ಬರಕೊಂಡಿರು ಅಂದಿದ್ದರು. ನೀಲಪ್ಪ ಕುಬಸದ ಅಳತಿ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲಿ ಗೌಡಶ್ಯಾನಿಯ ತತ್ತಿಗಳನ್ನೆಲ್ಲ ಬರೆದಿಟ್ಟಿದ್ದ. ಸುಮಾರಾಗಿ ಎಲ್ಲವೂ ಏಳೂವರೆ ಇಂಚು.

ಡಾಕ್ಟರು ಇವತ್ತು ಮಧ್ಯಾಹ್ನದ ಬಸ್ಸಿಗೆ ಬರುವವರಿದ್ದರು. ಮಕ್ಕಳ ತತ್ತಿ ತಾಯಿಯ ಸಮ ಬಂದರೆ ಸಂಸಾರ ನಿನ್ನ ಮನೆಯಲ್ಲೇ ಇರಲಿ, ಇಲ್ಲದಿದ್ದರೆ ಎಲ್ಲವನ್ನೂ ವಾಪಸ್ ಒಯ್ಯುತ್ತೇನೆ ಅಂತ ಕಾರ್ಡಿನಲ್ಲಿ ಬರೆದಿದ್ದರು.

ಗೌಡಶ್ಯಾನಿ ಹೋದರೆ ಹೆಂಗ ಅಂತ ನೀಲಪ್ಪ ಕಾರ್ಡನ್ನು ಎರಡೆರಡು ಸಲ ಓದಿದ. ಅವನು ಕೈಗೆಲಸದಲ್ಲಿ ಹುಷಾರು, ಆದರೆ ನಾಳೆ ಅಂದದ್ದು ಎಂದೂ ನಾಳೆಗೆ ಆದದ್ದಿಲ್ಲ. ಹೋದ ದೀಪಾವಳಿಯ ಕುಬಸ ಯುಗಾದಿಗೆ ಕೊಟ್ಟ ಪುಣ್ಯಾತ್ಮ. ಬೈಯಲು ಬಂದ ಹೆಂಗಸರನ್ನು ಗೌಡಶ್ಯಾನಿಯೇ ಕುತ್ತಿಗೆ ನೆಲಕ್ಕೆ ಹಚ್ಚಿ, ಬುಸ್ ಅಂತ ಓಣಿಯ ತುದಿಗೆ ಮುಟ್ಟಿಸಿ ಬರುತ್ತಿದ್ದಳು. ಆಮೇಲೆ ಬಂದು ಮಷೀನಿನ ಪೆಡಲಿನ ಮಗ್ಗುಲಿಗೆ ಕೂಡುತ್ತಿದ್ದಳು. ನೀಲಪ್ಪ ಆಕೆಯ ಕೂಡ ಮನೆಯ ಸುಖದುಃಖ ಮಾತಾಡುತ್ತಿದ್ದ. ಖರೆ ಹೇಳಬೇಕಂದ್ರ, ಬರೇ ಕಾವಲಿಗೆ ಅಂತ ಅಲ್ಲ, ಆಕೆಯ ಮೇಲೆ ಅವನಿಗೆ ಜೀವ ಇತ್ತು. ಹೆಣ್ಣುಮಕ್ಕಳಿಬ್ಬರು ಮಾತ್ರ ಬರೀ ಸಾಧು, ಯಾರು ಬಂದರೂ ಬಾಲ ಅಲ್ಲಾಡಿಸಿ ಜೋಳ ಬೇಡುವಂಥವು.

ಆ ಮಕ್ಕಳು ಬೆಳಗಿನಲ್ಲಿ ಇಟ್ಟ ಎರಡು ತತ್ತಿಗೆ ನೀಲಪ್ಪ ಟೇಪ್ ಸುತ್ತಿ ನೋಡಿದ. ಏಳು. ಮತ್ತೊಮ್ಮೆ ಸುತ್ತಿದ. ಏಳೇ. ಗೌಡಶ್ಯಾನಿ ಇನ್ನೂ ತತ್ತಿ ಇಡದೆ ಬುಟ್ಟಿಯಲ್ಲಿ ಕೂತಿದ್ದಳು.

ಕಾಂಪೌಂಡಿನ ಆಚೆ ನಿಂತು ಸೈಕಲ್ ಅಂಗಡಿಯ ಇಸ್ಮಾಯಿಲಸಾಬ ವಿಷಯ ಕೇಳಿಕೊಂಡ. ತಾಯಿ ಒಬ್ಬಾಕಿ ಏನು ಮಾಡಬೇಕು, ಅಪ್ಪನದೂ ಅರ್ಧ ಪಾಲು ಇರತೈತಲ್ಲ, ಈ ಅರ್ಧ ಇಂಚು ಹಂಸಭಾವಿಯ ಗಂಡೇ ತಿಂದದ್ದು ಅಂತ ತೀರ್ಪು ಕೊಟ್ಟ. ಒಳಗಿನಿಂದ ಗುತ್ತೆವ್ವ ಲಟ್ಟಣಿಗೆ ಹಿಡಕೊಂಡೇ ಹೊರಗೆ ಬಂದಳು.

“ನೋಡ್ರಿ ಸಾಬರ, ಏನ್ ಕೆಟ್ರೂ ನಮ್ಮೂರ ಮ್ಯಾಲೆ ಹಾಕಬ್ಯಾಡ್ರಿ. ಹಂಸಭಾವಿಯಿಂದ ಬಂದದ್ದು ಯಾವುದೂ ಕಡಿಮಿ ಬಂದಿಲ್ಲ ಈ ಮನಿಗೆ.”

ನೀಲಪ್ಪ ಆ ಮಾತಿಗೆ ಹೂಂ ಅನ್ನಲಿಲ್ಲ, ಹೂಂ ಅನ್ನದ್ದಕ್ಕೆ ಅವನಿಗೂ ಬೈಗುಳದ ಒಂದು ಪಾಲು ಬಿತ್ತು. ಆ ಹೊತ್ತಿಗೆ ಮಗ್ಗುಲ ಮನೆಯ ಕರೆವ್ವ, ಹಬ್ಬಕ್ಕೆ ಗೋಡೆ ಬಳಿಯುತ್ತಿದ್ದಾಕಿ, ಸುಣ್ಣದ ಬೋಗುಣಿ ಸಮೇತ ಗೋಡೆ ಮೇಲಿಂದ ಬಗ್ಗಿದಳು. ಅರ್ಧ ಇಂಚಿಗೆ ಇಷ್ಟ್ಯಾಕ ಬಡಿದಾಡ್ತೀರಿ, ಮೈದಾ ಗಂಜಿಗೆ ಸುಣ್ಣ ಕಲಿಸಿ ಮೂರು ಕೈ ಬಳಿದರೆ ಗೋಡೆನೇ ದಪ್ಪ ಆಗತೈತಿ, ತತ್ತಿ ಆಗಾಂಗಿಲ್ಲೇನು ಅಂದಳು.

ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ. ಕರೆವ್ವ ಬಳಿದಳು, ಇಸ್ಮಾಯಿಲಸಾಬ ಸೈಕಲ್ ಪಂಪಿನಿಂದ ಗಾಳಿ ಹೊಡೆದು ಒಣಗಿಸಿದ, ನೀಲಪ್ಪ ಅಂಗೈಯಿಂದ ತಿಕ್ಕಿ ನುಣುಪು ಮಾಡಿದ. ಎರಡನೇ ಕೈಗೆ ಒಂದು ತತ್ತಿಗೆ ಗಡ್ಡೆ ಎದ್ದು, ಅದನ್ನು ಕೆರೆದು ಮತ್ತೆ ಬಳಿಯಬೇಕಾಯಿತು. ಅಂತೂ ಬಸ್ಸಿನ ಹಾರ್ನ್ ಕೇಳುವ ಹೊತ್ತಿಗೆ ಎರಡೂ ಏಳೂವರೆಗೆ ಬಂದು ನಿಂತವು.

ಡಾಕ್ಟರು ಕಟ್ಟೆಯ ಮೇಲೆ ಕೂತು, ನೀಲಪ್ಪನ ಟೇಪನ್ನೇ ಇಸಕೊಂಡು ಮಕ್ಕಳ ತತ್ತಿ ಅಳೆದರು. ತಾಯಿಯ ಹಳೇ ಅಳತಿಗೆ ಸಮ ಬಂದದ್ದು ಕಂಡು ಅವರ ಮುಖ ಅರಳಿತು. ಬೆರಳಿಗೆ ಹತ್ತಿದ ಬಿಳಿ ಪುಡಿಯನ್ನು ನೋಡಿ, ಸಿಪ್ಪೆಯಲ್ಲಿ ಸುಣ್ಣದ ಅಂಶ ಭಾಳ ಚಲೋ ಐತಿ ಅಂತ ಮೆಚ್ಚಿದರು. ಗೋಡೆಯಾಚೆ ಕರೆವ್ವ ಸೆರಗು ಬಾಯಿಗೆ ತುರುಕಿಕೊಂಡಳು.

ಅಷ್ಟರಲ್ಲಿ ಗೌಡಶ್ಯಾನಿ ಬುಟ್ಟಿಯಿಂದ ಎದ್ದಳು. ಡಾಕ್ಟರು ಬಿಸಿ ತತ್ತಿ ಎತ್ತಿ ಟೇಪ್ ಸುತ್ತಿದರು.

“ಏಳು. ಬರಕೋ ನೀಲಪ್ಪ, ತಾಯೀದು ಏಳು.”

ಇದೇನು ಆಟ ಹೂಡಿದಳು ಅಂತ ನೀಲಪ್ಪ ಗಾಬರಿಯಲ್ಲೇ ಪುಸ್ತಕ ತೆಗೆದು ಬರೆದ. ಬರೆದದ್ದನ್ನು ನೋಡಿದ. ಏಳೂವರೆ ಅಂತ ಇತ್ತು.

ಕೈ ಅಲ್ಲೇ ನಿಂತಿತು. ಇಪ್ಪತ್ತೆರಡು ವರ್ಷದ ಕಸುಬಿನಲ್ಲಿ ಟೇಪು ಹೇಳಿದ್ದನ್ನು ಆ ಕೈ ಎಂದೂ ಹಾಗೇ ಬರೆದದ್ದಿಲ್ಲ. ಹೊಲಿಗೆಗೆ ಅಂತ ಅರ್ಧ ಇಂಚು ಹೆಚ್ಚಿಗೆ ಕೂಡಿಸಿಯೇ ಬರೆಯುತ್ತಿತ್ತು, ಕುಬಸ ಇರಲಿ, ತತ್ತಿ ಇರಲಿ. ಬೆಳಿಗ್ಗೆ ಮಕ್ಕಳ ತತ್ತಿಯನ್ನು ಬರೆಯದೆ ಬರೇ ನೋಡಿದ್ದ, ಅದಕ್ಕೇ ಏಳು ಕಂಡಿತ್ತು. ತಾಯಿಯದೂ ಏಳು, ಮಕ್ಕಳದೂ ಏಳು. ಸುಣ್ಣ ಮುಟ್ಟದೆ ಸುಮ್ಮನೆ ಕೂತಿದ್ದರೆ ಎಲ್ಲ ಸಸೂತ್ರ ಇತ್ತು.

ಈಗ ಅದನ್ನು ಹೇಳಬೇಕಾದರೆ ಸುಣ್ಣದ ಸುದ್ದಿಯನ್ನೂ ಹೇಳಬೇಕು. ನೀಲಪ್ಪ ಪುಸ್ತಕ ಮುಚ್ಚಿದ.

ಡಾಕ್ಟರಿಗೆ ಎಲ್ಲ ಸ್ಪಷ್ಟ ಆಗಿತ್ತು. ತಾಯಿಗೆ ವಯಸ್ಸಾತು, ತತ್ತಿ ಇಳೀಲಿಕ್ಕೆ ಹತ್ತೈತಿ, ಗುಣ ಪೂರಾ ಮಕ್ಕಳಿಗೆ ಬಂದೈತಿ, ಆ ಎರಡೂ ಗಂಡಿನ ಕೂಡ ನಿನ್ನಲ್ಲೇ ಇರಲಿ ಅಂದರು. ಆದರೆ ಇಂಥ ತತ್ತಿ ವ್ಯರ್ಥ ಆಗಬಾರದು, ಸರಕಾರಿ ಕೋಳಿ ಕೇಂದ್ರದಲ್ಲಿ ಮರಿ ಮಾಡಿಸಬೇಕು, ಕಾವಿಗೆ ಕೂಡಲು ಹಳೇ ಅನುಭವದ ತಾಯಿಯೇ ಬೇಕು. ಹಂಗಂತ ಗೌಡಶ್ಯಾನಿಯ ಕುತ್ತಿಗೆ ಹಿಡಿದು ಬುಟ್ಟಿಗೆ ಹಾಕಿ, ಸುಣ್ಣದ ತತ್ತಿ ಎರಡನ್ನೂ ಆಕೆಯ ಹೊಟ್ಟೆ ಕೆಳಗೆ ಇಟ್ಟರು.

ನೀಲಪ್ಪನ ಮುಖ ನೋಡಿ ಅವರಿಗೂ ಕನಿಕರ ಬಂತು. ಬೆನ್ನು ತಟ್ಟಿದರು.

“ಚಿಂತಿ ಮಾಡಬ್ಯಾಡ. ಆ ಎರಡು ತತ್ತಿ ಒಡೆದು ಮರಿ ಬಂದ ದಿನಾನ ಈಕೀನ್ನ ವಾಪಸ್ ಕಳಸ್ತೇನಿ, ನನ್ನ ಮಾತು.”

ಬಸ್ಸು ಹೋಯಿತು. ಕಿಟಕಿಯಿಂದ ಹೊರಗೆ ಚಾಚಿದ ಉದ್ದನೆಯ ಕುತ್ತಿಗೆ ತಿರುವಿನ ತನಕ ಕಂಡಿತು. ನೀಲಪ್ಪ ಟೇಪಿನ ತುದಿಯಿಂದ ಕಣ್ಣು ಒರೆಸಿಕೊಂಡು, ನಡೆದದ್ದನ್ನೆಲ್ಲ ಹೆಂಡತಿಗೆ ಹೇಳಿದ. ಗುತ್ತೆವ್ವನೂ ಸೆರಗಿನಿಂದ ಕಣ್ಣು ಒತ್ತಿಕೊಂಡಳು, ಆದರೂ ನಮ್ಮೂರ ಗಂಡಿನ ತಪ್ಪು ಇದ್ದಿಲ್ಲಂತ ಆತಲ್ಲ ಅನ್ನದೆ ಬಿಡಲಿಲ್ಲ.

“ಇನ್ನ ಆ ಮರಿ ಯಾವಾಗ ಆಕ್ಕಾವ?” ಅಂತ ನೀಲಪ್ಪ ಯಾರನ್ನೋ ಕೇಳಿದಂತೆ ಕೇಳಿದ.

“ಮೂರು ಕೈ ಸುಣ್ಣ ಬಳಿದ ತತ್ತಿ ಎಲ್ಲಿಂದ ಉಸಿರಾಡತೈತಿ, ಅದನ್ನ ಕರೆವ್ವನ್ನ ಕೇಳ್ರಿ. ಮದಲ ಮಷೀನ್ ಹತ್ರಿ. ಗೌಡಶ್ಯಾನಿ ಹೋದ್ಲಂತ ಸುದ್ದಿ ಆಗೈತಿ, ಹೊರಗ ಹನ್ನೆರಡು ಮಂದಿ ನಿಂತಾರ.”