ನನ್ನ ಕೊಲೆಯೂ ಬೀಟ್‌ರೂಟ್ ರಸವೂ

ದುರಂತ ನಾಟಕದಲ್ಲಿ ಸಾಯುವ ಹಕ್ಕು ರಾಜರಿಗೆ ಮಾತ್ರ ಇರಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ರಾಜ ಸತ್ತರೆ ಕಹಳೆ ಊದುತ್ತಾರೆ, ಊರೇ ಅಳುತ್ತದೆ. ಆದರೆ ನಾನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಕೆಲವು ನಾಟಕಕಾರರಿಗೆ, ಸಾಮಾನ್ಯ ಗೃಹಸ್ಥನ ಮನೆಯಲ್ಲೂ ದುರಂತವಿರುತ್ತದೆ ಎಂದು ಜ್ಞಾನೋದಯವಾಯಿತಂತೆ. ಅಂದಿನಿಂದ ಬಡಪಾಯಿ ಗಂಡ ತನ್ನ ಊಟದ ಮೇಜಿನ ಪಕ್ಕದಲ್ಲೇ, ಹೆಂಡತಿಯ ಪ್ರಿಯಕರನ ಕೈಯಲ್ಲಿ ಸಾಯತೊಡಗಿದ. ಇದನ್ನೆಲ್ಲ ನನಗೆ ಹೇಳಿದವಳು ನನ್ನ ಹೆಂಡತಿ ಸುಮನಾ. ಸ್ವೀಡನ್ನಿನ ಸೊಲ್ಲೆಂಟುನಾ ಊರಿನ ನಮ್ಮ ಕನ್ನಡಿಗರ ಯುಗಾದಿಗೆ ಅಂಥದೇ ಒಂದು ನಾಟಕ ಬರೆದವಳೂ ಅವಳೇ. ಹಬ್ಬದ ದಿನ ಕೊಲೆ ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ಹೆಂಡತಿಯ ಪಾತ್ರ ಅವಳದು, ಗಂಡನದು ನನ್ನದು. "ನೀವು ಆಕ್ಟಿಂಗೇ ಮಾಡೋದು ಬೇಡಾರೀ. ಆರ್ಡಿನರಿಯಾಗಿ ಕೂತ್ಕೊಂಡ್ರೆ ಸಾಕು" ಎಂದಳು. ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಹೇಳುವ ಮಾತೇ ಇದು?

ನನ್ನನ್ನು ಕೊಲ್ಲಬೇಕಾದವನು ಪ್ರಶಾಂತ, ನನ್ನ ಆಫೀಸಿನ ಹುಡುಗ. ತಾಲೀಮಿನಲ್ಲಿ ಚಾಕು ಹಿಡಿದು ಆರ್ಭಟಿಸುತ್ತ ಬಂದವನು ಬಾಗಿಲಲ್ಲಿ ಗಕ್ಕನೆ ನಿಂತ. ಬಗ್ಗಿ ಶೂ ಬಿಚ್ಚಿ, ಗೋಡೆಗೆ ಒತ್ತಿ ಜೋಡಿಸಿಟ್ಟು, ಆಮೇಲೆ ಕೊಲ್ಲಲು ಬಂದ. ಸ್ವೀಡನ್ನಿನಲ್ಲಿ ಯಾರ ಮನೆಗೂ ಶೂ ಹಾಕಿಕೊಂಡು ನುಗ್ಗುವಂತಿಲ್ಲ, ನಿಜ. ಆದರೆ ಕೊಲೆಗಾರನಿಗೂ ಆ ಶಿಸ್ತೇ? "ಸಾರಿ ಅಣ್ಣಾ, ಕಾರ್ಪೆಟ್ ನೋಡಿದ್ ತಕ್ಷಣ ಕೈ ತಾನಾಗೇ ಹೋಗ್ಬಿಡತ್ತೆ" ಎಂದ. ಅದನ್ನೂ ಸಹಿಸುತ್ತಿದ್ದೆ. ಸಹಿಸಲಾಗದ್ದು ಸುಮನಾಳ ಪಶ್ಚಾತ್ತಾಪ. ನನ್ನ ಹೆಣದ ಮೇಲೆ ಬಿದ್ದು ಗೋಳಾಡಬೇಕಾದವಳು ದಿನಸಿ ಪಟ್ಟಿ ಓದಿದಂತೆ ಓದುತ್ತಿದ್ದಳು. ನನಗಾಗಿ ಒಂದು ಹನಿ ಕಣ್ಣೀರು ಬೇಡವೇ? ನಾಟಕದಲ್ಲಾದರೂ?

ಯುಗಾದಿಯ ದಿನ, ಸಾಯುವುದಾದರೂ ಮರ್ಯಾದೆಯಾಗಿ ಸಾಯೋಣವೆಂದು, ಅವಳು ತೆಗೆದಿಟ್ಟಿದ್ದ ಹಳೆಯ ಅಂಗಿ ಬಿಟ್ಟು ಹೊಸ ಬಿಳಿ ಜುಬ್ಬಾ ತೊಟ್ಟೆ. ಪ್ರಶಾಂತ ಅಂದೂ ಶೂ ಬಿಚ್ಚಿದ. ತೂತು ಕಾಲುಚೀಲದವನ ಕೈಯಲ್ಲಿ ನಾನು ಸತ್ತೆ. ಸಭೆ ಬಿದ್ದು ಬಿದ್ದು ನಕ್ಕಿತು. ನನಗೆ ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ಸುಮನಾ ಬಂದು ನನ್ನ ಎದೆಯ ರಕ್ತ ನೋಡಿದಳು, "ಅಯ್ಯೋ!" ಎಂದಳು, ನಿಜವಾಗಿ ಅತ್ತಳು. ಸಭೆ ತೆಪ್ಪಗಾಯಿತು. ಹೆಣವಾಗಿದ್ದ ನಾನು ಆ ಕಣ್ಣೀರು ನೋಡಲು ಮೆಲ್ಲಗೆ ಒಂದು ಕಣ್ಣು ತೆರೆದೆ.

ಮನೆಗೆ ಬಂದ ಮೇಲೆ ಮೆಲ್ಲಗೆ ಕೇಳಿದೆ, "ಅಷ್ಟೊಂದು ಅತ್ತೆಯಲ್ಲೇ?"

"ಅಳ್ದೆ ಇನ್ನೇನ್ರೀ? ಅಮ್ಮ ಕಳ್ಸಿದ್ ಜುಬ್ಬಾ! ಪೂರ್ತಿ ಬೀಟ್‌ರೂಟ್! ಬಿಲ್ಡಿಂಗ್ ಲಾಂಡ್ರಿ ರೂಮಲ್ಲಿ ನಮ್ ಟರ್ನ್ ಇರೋದು ಮುಂದಿನ್ ಗುರುವಾರ!"

ಬಚ್ಚಲಿಗೆ ಹೋಗಿ, ನನ್ನ ರಕ್ತವನ್ನು ನಾನೇ ಉಜ್ಜತೊಡಗಿದೆ. ಯಾವ ರಾಜನಿಗೂ ಈ ಗತಿ ಬಂದಿರಲಾರದು. ಸಿಟ್ಟಿನಲ್ಲಿ ಬಿಸಿನೀರಿನ ನಲ್ಲಿಗೆ ಕೈ ಹಾಕಿದೆ.

"ಬಿಸಿನೀರು ಹಾಕ್ಬೇಡೀ, ಕಲೆ ಕೂತ್ಕೊಳತ್ತೆ!" ಎಂದು ಒಳಗಿನಿಂದ ಕೂಗಿದಳು.

ತಣ್ಣೀರನ್ನೇ ಬಿಟ್ಟೆ.