ಗಾಂಜಾ ಬೆಳೆಸಲು ಕಲಿತದ್ದು

ನಲವತ್ತೆಂಟು ದಾಟಿದ ಗಂಡಸಿಗೆ ಹೊಸದಾಗಿ ಆಸೆ ಹುಟ್ಟಬಾರದು. ಹುಟ್ಟಲೇಬೇಕೆಂದಿದ್ದರೆ ಅದು ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂಥದ್ದಾಗಿರಬೇಕು. ಕಾಶಿಗೆ ಹೋಗಿ ಬರುವುದು, ಕೊಳಲು ಕಲಿಯುವುದು, ಹೊಟ್ಟೆ ಕರಗಿಸುವುದು. ನನಗೆ ಹುಟ್ಟಿದ್ದು ಗಾಂಜಾ ಬೆಳೆಸುವ ಆಸೆ. ಗಾಬರಿಯಾಗಬೇಡಿ. ಸೇದುವುದಲ್ಲ, ಮಾರುವುದೂ ಅಲ್ಲ, ಬರೀ ಬೆಳೆಸುವುದು. ಅದೂ ಸರ್ಕಾರದ ಲೈಸೆನ್ಸು ಇರುವ ಗಾಜಿನ ಮನೆಯಲ್ಲಿ, ಔಷಧಿಗೆಂದು, ಮೂಲೆಮೂಲೆಯಲ್ಲಿ ಕ್ಯಾಮೆರಾ ಇಟ್ಟುಕೊಂಡು. ಇಷ್ಟು ಬಿಡಿಸಿ ಹೇಳಿದ ಮೇಲೂ ನೀವು ನನ್ನನ್ನು ಒಂದು ಥರಾ ನೋಡುತ್ತಿದ್ದೀರಿ ಎಂದು ನನಗೆ ಗೊತ್ತು. ನನ್ನ ಹೆಂಡತಿ ಸುಧಾಳೂ ಹಾಗೆಯೇ ನೋಡಿದ್ದಳು.

ನಾನು ತೋಟಗಾರಿಕೆ ಓದಿದವನು. ಮೈಸೂರಿನ ಒಂದು ನರ್ಸರಿಯಲ್ಲಿ ಕೆಲಸಕ್ಕಿದ್ದೆ. ಮಾವು, ಸಪೋಟ, ಗುಲಾಬಿ, ಯಾವುದನ್ನು ಕೊಟ್ಟರೂ ಕಸಿ ಕಟ್ಟುತ್ತಿದ್ದೆ. ಹಿಡಿದ ಕಸಿಗೆಲ್ಲ ನನ್ನ ಕೈಗುಣ ಕಾರಣ, ಹಿಡಿಯದ ಕಸಿಗೆಲ್ಲ ನೀರು ಹಾಕುವ ಸಿದ್ದಣ್ಣ ಕಾರಣ ಎಂದು ನಮ್ಮಲ್ಲಿ ಒಪ್ಪಂದವಿತ್ತು. ಒಪ್ಪಂದ ಮಾಡಿಕೊಂಡವನು ನಾನೊಬ್ಬನೇ, ಅದು ಬೇರೆ ಮಾತು. ಆಮೇಲೆ ಸುಧಾಳಿಗೆ ಅಡಿಲೇಡ್‌ನಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿತು. ಅವಳ ವೀಸಾಕ್ಕೆ ಬಾಲದ ಹಾಗೆ ಅಂಟಿಕೊಂಡು ನಾನೂ ಬಂದೆ. ಬಂದು ಹನ್ನೊಂದು ವರ್ಷ ಒಂದು ಗೋದಾಮಿನಲ್ಲಿ ರಟ್ಟಿನ ಡಬ್ಬಗಳಿಗೆ ಸ್ಕ್ಯಾನರ್ ಹಿಡಿದೆ. ಕೆಲಸ ಕೆಟ್ಟದ್ದೇನಲ್ಲ. ಆದರೆ ರಟ್ಟಿನ ಡಬ್ಬ ಚಿಗುರುವುದಿಲ್ಲವಲ್ಲ! ಅಡಿಲೇಡಿನ ಅಂಚಿನ ಮಾಸನ್ ಲೇಕ್ಸ್‌ನಲ್ಲಿ ನಮ್ಮ ಬಾಡಿಗೆ ಮನೆಯ ಹಿತ್ತಿಲೆಂದರೆ ನಾಲ್ಕು ಹೆಜ್ಜೆ ಕಾಂಕ್ರೀಟು. ಅಲ್ಲಿ ಕುಂಡದಲ್ಲಿದ್ದ ಒಂದೇ ಒಂದು ಕರಿಬೇವನ್ನು ನಾನು ದಿನಕ್ಕೆ ಐದು ಸಲ ಹೋಗಿ ಮಾತಾಡಿಸುತ್ತಿದ್ದೆ. ನನ್ನ ಕಾಟ ತಾಳಲಾರದೆ ಅದು ಎಲೆ ಉದುರಿಸಿತು. ಕೈಗೆ ಮಣ್ಣು ಬೇಕು, ಗಿಡ ಬೇಕು ಎಂದು ಎಷ್ಟು ಅನ್ನಿಸುತ್ತಿತ್ತೆಂದರೆ, ರಸ್ತೆ ಬದಿಯ ಗಿಡಗಳಿಗೆ ಗೊಬ್ಬರ ಹಾಕುತ್ತಿದ್ದ ಕೌನ್ಸಿಲ್ ಆಳುಗಳನ್ನು ಕಂಡರೂ ಹೊಟ್ಟೆಕಿಚ್ಚಾಗುತ್ತಿತ್ತು.

ಹೀಗಿರುವಾಗ, ಔಷಧಿ ಗಾಂಜಾ ಬೆಳೆಯುವವರಿಗೆ ಗಿಡ ತಿಳಿದ ಜನ ಬೇಕಾಗಿದ್ದಾರೆ, ಆದರೆ ಇಲ್ಲಿನದೇ ಸರ್ಟಿಫಿಕೇಟು ಇರಬೇಕು ಎಂದು ಸುದ್ದಿ ಸಿಕ್ಕಿತು. ಬಿಟ್ಟಿ ತರಬೇತಿ ಹುಡುಕಲು ಕೂತೆ. ಪರ್ತ್‌ನವರೊಬ್ಬರದು ಆನ್‌ಲೈನ್ ಪಾಠ. ಪರ್ತ್‌ನ ಗಡಿಯಾರ ನಮಗಿಂತ ಹಿಂದೆ ಎಂಬುದನ್ನು ಮರೆತು, ನೋಟ್‌ಬುಕ್ಕು ಬಿಚ್ಚಿಕೊಂಡು ಖಾಲಿ ಪರದೆಯ ಮುಂದೆ ಎರಡೂವರೆ ಗಂಟೆ ಕೂತೆ. ಪಾಠ ಶುರುವಾಗುವ ಹೊತ್ತಿಗೆ ಗೋದಾಮಿನ ಪಾಳಿಗೆ ಹೊರಡಬೇಕಾಯಿತು. ಬ್ರಿಸ್ಬೇನ್‌ನವರದು ಸರಿಯಾದ ಹೊತ್ತಿಗೇ ಸಿಕ್ಕಿತು. ಆ ಮಹಾಶಯ ಒಂದು ಗಂಟೆ ತನ್ನ ಬಾಲ್ಯ, ತನ್ನ ಸೋಲು, ತನ್ನ ಗೆಲುವು ಎಲ್ಲ ಹೇಳಿದ. ಗಿಡದ ವಿಷಯ ಕಾರ್ಡಿನ ನಂಬರು ಕೊಟ್ಟವರಿಗೆ ಮಾತ್ರವಂತೆ. ಕೊನೆಗೆ ನಮ್ಮ ಅಡಿಲೇಡಿನಲ್ಲೇ ಒಂದು ಸರ್ಕಾರಿ ಕಾಲೇಜಿನಲ್ಲಿ, ಎಂಟು ಶನಿವಾರ, ನಿಜವಾಗಿಯೂ ಬಿಟ್ಟಿ ಸಿಕ್ಕಿತು. ಮುಗಿಸಿದವರಿಗೆ ಗಾಜಿನ ಮನೆಯಲ್ಲಿ ಕೆಲಸ ಕೊಡಿಸುತ್ತಾರಂತೆ.

"ರೀ, ಯಾರಾದ್ರೂ ಕೇಳಿದ್ರೆ ಏನಂತ ಹೇಳ್ಲಿ?" ಎಂದಳು ಸುಧಾ.

"ಔಷಧಿ ಗಿಡ ಅನ್ನು. ಅಶ್ವಗಂಧ ಅಂದ್ಕೊಳ್ತಾರೆ."

"ಪೊಲೀಸ್ ಚೆಕ್ ಬೇರೆ ಮಾಡಿಸ್ಬೇಕಂತೆ. ಅಶ್ವಗಂಧಕ್ಕೆ ಪೊಲೀಸ್ ಯಾಕ್ರೀ?"

ಮಗಳು ಅನನ್ಯ ಮಾತ್ರ, "ಅಪ್ಪಾ, ದಟ್ಸ್ ಸೋ ಕೂಲ್! ಕ್ಯಾನ್ ಐ ಟೆಲ್ ಮೈ ಫ್ರೆಂಡ್ಸ್?" ಎಂದು ಕುಣಿದಳು. ಅವರಮ್ಮ ಕಣ್ಣು ಬಿಟ್ಟ ರಭಸಕ್ಕೆ ಕುಣಿತ ಅಲ್ಲೇ ನಿಂತಿತು.

ಮೊದಲ ಶನಿವಾರ ಹನ್ನೆರಡು ಜನರಿದ್ದೆವು. ಟಿಫಿನ್ ಡಬ್ಬಿಯಲ್ಲಿ ಚಿತ್ರಾನ್ನ ತಂದವನು ನಾನೊಬ್ಬನೇ. ಪಾಠ ಹೇಳುವ ಡೆಬಿ ಅರವತ್ತರ ಹೆಂಗಸು, ಮಣ್ಣು ಮೆತ್ತಿದ ಬೂಟು, ಒರಟು ಕೈ. ನೋಡಿದ ಕೂಡಲೇ ನಮ್ಮ ಪೈಕಿ ಅನ್ನಿಸಿತು. ಅಮಲಿಲ್ಲದ ತಳಿಯ ಗಿಡದಿಂದ ಒಂದೊಂದು ಹೂಗೊಂಚಲು ಕತ್ತರಿಸಿ ಕೊಟ್ಟು, ಮೂಸಿ ನೋಡಿ ವಾಸನೆ ಹೇಳಿ ಎಂದಳು. ಈ ಕಸುಬಿನಲ್ಲಿ ಮೂಗೇ ಮುಖ್ಯವಂತೆ. ಒಬ್ಬಳು ನಿಂಬೆ ಅಂದಳು. ತೋಳಿನ ಮೇಲೆ ಹಾವಿನ ಹಚ್ಚೆಯಿದ್ದ ಒಬ್ಬ ಪೆಟ್ರೋಲ್ ಅಂದ. ನಾನು ಕೈ ಮುಂದೆ ಚಾಚಿ, ಉಸಿರು ಕಟ್ಟಿ ನಿಂತಿದ್ದೆ. ನಮ್ಮ ಮನೆಯಲ್ಲಿ ದೇವರಿಗೆ ಏರಿಸುವ ಹೂವನ್ನು ಮೂಸುವ ಹಾಗಿಲ್ಲ. ಮೂಸಿದರೆ ಅದು ಎಂಜಲಾದ ಹಾಗೆ. ಚಿಕ್ಕಂದಿನಲ್ಲಿ ಅಮ್ಮನ ಕೈಯಲ್ಲಿ ತಿಂದ ಏಟಿನ ಪ್ರಭಾವ, ಹೂ ಕೈಗೆ ಬಂತೆಂದರೆ ಇಂದಿಗೂ ನನ್ನ ಉಸಿರು ತಾನಾಗಿ ನಿಲ್ಲುತ್ತದೆ. ಗಾಂಜಾ ಹೂವನ್ನು ನಾನು ಯಾವ ದೇವರಿಗೂ ಏರಿಸುವವನಿರಲಿಲ್ಲ, ಆದರೆ ಅದು ಮೂಗಿಗೆ ಹೇಗೆ ಗೊತ್ತಾಗಬೇಕು?

ಡೆಬಿ ಬಂದು, "ಕಚ್ಚಲ್ಲ ಮೇಟ್, ಮೂಗು ಒಳಗಿಡು" ಎಂಬರ್ಥದಲ್ಲಿ ಇಂಗ್ಲಿಷಿನಲ್ಲಿ ಹೇಳಿ, ಗೊಂಚಲನ್ನು ನನ್ನ ಮುಖಕ್ಕೇ ಒತ್ತಿದಳು. ಉಸಿರೆಳೆದೆ. ನಿಂಬೆಯೂ ಇಲ್ಲ, ಪೆಟ್ರೋಲೂ ಇಲ್ಲ. ಆಗಷ್ಟೇ ಕೊಯ್ದ ಹಸಿ ಕಾಂಡದ ವಾಸನೆ. ಕಸಿ ಕಟ್ಟುವಾಗ ಚಾಕುವಿಗೆ ಮೆತ್ತುತ್ತಿತ್ತಲ್ಲ, ಅದೇ. ಹನ್ನೊಂದು ವರ್ಷದಿಂದ ನಾನು ಬಯಸಿ ಬಯಸಿ ಒಣಗಿದ್ದು ಅದಕ್ಕೇ. ಕಣ್ಣಲ್ಲಿ ನೀರು ಬಂತು. ಬಂದದ್ದು ನಿಲ್ಲಲಿಲ್ಲ, ಮೂಗೂ ಸೋರತೊಡಗಿತು. ಡೆಬಿ ಗಾಬರಿಯಾಗಿ ಹೂ ಕಿತ್ತುಕೊಂಡು, "ಹೇ ಫೀವರ್?" ಎಂದಳು. ಇಲ್ಲಿ ವಸಂತ ಬಂತೆಂದರೆ ಪರಾಗಕ್ಕೆ ಮೂಗು ಸೋರುವ ಆ ಕಾಯಿಲೆ ಮನೆಮನೆಯಲ್ಲೂ ಇರುತ್ತದೆ. ಇಲ್ಲಮ್ಮಾ, ಗಿಡದ ನೆನಪಾಗಿ ಅಳುತ್ತಿದ್ದೇನೆ ಎಂದು ಹೇಳಬೇಕಿತ್ತು. ಹನ್ನೊಂದು ಜನ ನನ್ನನ್ನೇ ನೋಡುತ್ತಿದ್ದರು. ಹಾವಿನ ಹಚ್ಚೆಯವನು ಬಾಯಿ ಬಿಟ್ಟುಕೊಂಡಿದ್ದ. "ಯೆಸ್ ಯೆಸ್, ಹೇ ಫೀವರ್, ವೆರಿ ಬ್ಯಾಡ್" ಅಂದುಬಿಟ್ಟೆ. ಆ ವೆರಿ ಬ್ಯಾಡ್ ಬೇಕಿರಲಿಲ್ಲ.

ಅವಳು ಅದನ್ನು ಸುರಕ್ಷತೆಯ ಫಾರಮ್ಮಿನಲ್ಲಿ ಬರೆದುಕೊಂಡಳು. ಈ ದೇಶದಲ್ಲಿ ಆ ಫಾರಮ್ಮಿಗೆ ಒಮ್ಮೆ ಏರಿದ್ದನ್ನು ಬ್ರಹ್ಮ ಬಂದರೂ ಅಳಿಸಲಾರ. ಉಳಿದ ಏಳು ಶನಿವಾರ ನನಗೆ ಮಾಸ್ಕು ಹಾಕಿಸಿ ಕಿಟಕಿಯ ಪಕ್ಕ ಕೂರಿಸಿದರು. ಪರೀಕ್ಷೆಯಲ್ಲಿ ನಾನೇ ಮೊದಲು ಬಂದೆ. ಡೆಬಿ ಖುಷಿಯಿಂದ ಓಡಿ ಬಂದು, ನಿನಗಾಗಿಯೇ ಹಟ ಹಿಡಿದು ಒಂದು ಜಾಗ ಕೊಡಿಸಿದ್ದೇನೆ ಎಂದಳು. ಪ್ರತಿ ಗಿಡಕ್ಕೂ ಒಂದು ನಂಬರು, ಆ ನಂಬರನ್ನು ಕಂಪ್ಯೂಟರಿನಲ್ಲಿ ಕಾಯುವ ಕೆಲಸ. ಬಿಗಿಯಾಗಿ ಮುಚ್ಚಿದ ಕೋಣೆ, ಸೋಸಿದ ಗಾಳಿ, ಗಿಡದ ವಾಸನೆಯೂ ಸೋಕುವುದಿಲ್ಲ. ನಾನು ಎರಡು ಸಲ ಥ್ಯಾಂಕ್ಸ್ ಹೇಳಿದೆ.

ಈಗ ದಿನವಿಡೀ ನನ್ನ ಎದುರಿಗೊಂದು ಗಾಜು, ಅದರಾಚೆ ಸಾಲುಸಾಲು ಹಸಿರು. ಹಾವಿನ ಹಚ್ಚೆಯವನು ಅಲ್ಲಿ ಅಡಿ ಎಲೆಗಳನ್ನು ತಪ್ಪಾಗಿ ಸವರುತ್ತಾನೆ. ಹಾಗಲ್ಲಯ್ಯಾ ಎಂದು ಗಾಜು ಬಡಿದರೆ, ಪಾಪ, ನನಗೆ ಕೈ ಬೀಸುತ್ತಾನೆ. "ಹೋಗಿ ನಿಜ ಹೇಳ್ಬಿಡಿ. ಅಳು ಬಂತು ಅನ್ನೋಕೆ ನಾಚಿಕೆ ಏನ್ರೀ?" ಎಂದು ಸುಧಾ ದಿನಾ ಹೇಳುತ್ತಾಳೆ. ಕೆಲಸಕ್ಕೆ ಸೇರಿಸಿದ ತನ್ನ ಶಿಷ್ಯರನ್ನು ನೋಡಲು ಡೆಬಿ ಪ್ರತಿ ಸೋಮವಾರ ಬರುತ್ತಾಳೆ. ಹೇಳಬೇಕಾದ ವಾಕ್ಯವನ್ನು ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಕೊಂಡೇ ಹೋಗಿರುತ್ತೇನೆ. ಅವಳು ಹೊರಗಿನ ಗಾಳಿ ನನಗೆ ತಗಲದಂತೆ ಬಾಗಿಲನ್ನು ಒಂದೇ ಬೆರಳಷ್ಟು ಸರಿಸಿ, ಈಗ ಹೇಗಿದ್ದೀಯಪ್ಪಾ, ಪರವಾಗಿಲ್ವಾ ಎಂದು ಅಕ್ಕರೆಯಿಂದ ಕೇಳುತ್ತಾಳೆ. ಅಷ್ಟು ಒಳ್ಳೆಯ ಹೆಂಗಸಿನ ಮನಸ್ಸು ನೋಯಿಸುವುದು ಹೇಗೆ? ಆ ಕಡೆ ತಿರುಗಿ ಒಂದು ಸೀನು ಸೀನಿ ತೋರಿಸುತ್ತೇನೆ.