ಹೆಣ್ಣುಮಕ್ಕಳ ಲೆಕ್ಕ ಬಾಯಿಪಾಠವಂತೆ

ಬೆಳಿಗ್ಗೆ ವಿಭೂತಿ ಹಚ್ಚಿ, ಇವತ್ತಾದರೂ ಸಿಟ್ಟು ಬರಿಸಬೇಡಪ್ಪಾ ಶಿವನೇ ಅಂತ ಕೈಮುಗಿದೇ ನಾನು ಅಜ್ಜಂಪುರದ ಶಾಲೆಗೆ ಪಾಠಕ್ಕೆ ಹೊರಡುತ್ತೇನೆ. ಶಿವ ದಯಾಮಯ, ಪ್ರಾರ್ಥನೆಯ ಗಂಟೆವರೆಗೆ ಕಾಪಾಡುತ್ತಾನೆ. ಆಮೇಲೆ ಹೆಡ್‌ಮಾಸ್ಟರು ಬರುತ್ತಾರೆ.

ಈ ಸಲ ಕಡೂರಿನ ಗಣಿತ ಸ್ಪರ್ಧೆಗೆ ಶಾಲೆಯಿಂದ ಒಂದೇ ಮಗು ಹೋಗಬೇಕಿತ್ತು. ನನ್ನ ಏಳನೇ ಕ್ಲಾಸಿನಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ ಮುಂದಿದ್ದರು. ಅವಳಂತೂ ಊಟದ ಬಿಡುವಿನಲ್ಲೂ ಲೆಕ್ಕ ಬಿಡಿಸುತ್ತಿದ್ದಳು. ಆರಿಸೋದು ತಾವೇ ಅಂತ ಹೆಡ್‌ಮಾಸ್ಟರು ದಿನಾ ಕ್ಲಾಸಿಗೆ ಬಂದು ಲೆಕ್ಕ ಕೊಡತೊಡಗಿದರು.

ಹಂತವಿಲ್ಲದ ಉತ್ತರ

ಮೊದಲ ದಿನ ಇಬ್ಬರೂ ಹಂತ ಬರೆಯದೆ ಸರಿಯುತ್ತರವನ್ನಷ್ಟೇ ಬರೆದಿದ್ದರು. ಹೆಡ್‌ಮಾಸ್ಟರು ಹುಡುಗನ ಬೆನ್ನು ತಟ್ಟಿ, ಇವನಿಗೆ ತಲೆ ಓಡುತ್ತೆ ಅಂದರು. ಹುಡುಗಿಯ ಕಡೆ ತಿರುಗಿ, ಯಾರದ್ದು ನೋಡಿ ಬರೆದೆ ಅಂದರು. ಅವಳು ಕೂರುವುದು ಮೊದಲನೇ ಬೆಂಚಿನಲ್ಲಿ, ಒಬ್ಬಳೇ.

"ಮುಂದೆ ಇದ್ದಿದ್ದು ನೀವೊಬ್ರೇ ಸಾರ್. ನೀವಿನ್ನೂ ಬಿಡಿಸಿರ್ಲಿಲ್ಲ," ಅಂದಳು.

ಹಂತವಿರುವ ಉತ್ತರ

ಮರುದಿನ ಅವಳು ಒಂದೊಂದು ಹಂತವನ್ನೂ ಬಿಡಿಸಿ ಬರೆದಳು. ಅದೂ ಹೆಡ್‌ಮಾಸ್ಟರಿಗೆ ಸರಿಬರಲಿಲ್ಲ. ಹೆಣ್ಣುಮಕ್ಕಳದ್ದು ಬಾಯಿಪಾಠ, ಯೋಚನೆ ಮಾಡೋದು ಗಂಡುಮಕ್ಕಳೇ ಅಂತ ಸ್ಟಾಫ್ ರೂಮಿನಲ್ಲಿ ಭಾಷಣ. ನನ್ನ ಮೈ ಉರಿಯಿತು. ನಮಃ ಶಿವಾಯ ಹೇಳಿಕೊಂಡೆ. ಐದಕ್ಷರವೂ ಹಲ್ಲು ಕಚ್ಚಿಕೊಂಡೇ ಬಂದವು.

"ಸಾರ್, ಆ ಲೆಕ್ಕ ನೀವು ಬೋರ್ಡಿನ ಮುಂದೆ ನಿಂತು ಹೊಸದಾಗಿ ಕಟ್ಟಿದ್ದು," ಅಂದೆ. "ನಿಮಗೆ ಹೊಳೆಯೋಕೆ ಮುಂಚೆ ಅವಳಿಗೆ ಬಾಯಿಪಾಠ ಆಗಿತ್ತು ಅಂದ್ರೆ, ಕಡೂರಿಗಲ್ಲ, ಮಠದಲ್ಲಿ ಕೂರ್ಸಿ ಪಾದಪೂಜೆ ಮಾಡ್ಬೇಕು."

ಗಂಡಸು, ಹೆಂಗಸು, ಒಂದು ಕೆಲಸ

ಕೊನೆಗೆ, ಸರಿ ಹೇಳಿದವರೇ ಕಡೂರಿಗೆ ಅಂತ ಒಂದು ಲೆಕ್ಕ ಕೊಟ್ಟರು. ಒಂದು ಕೆಲಸಕ್ಕೆ ಗಂಡಸಿಗೆ ಆರು ದಿನ, ಹೆಂಗಸಿಗೆ ಹನ್ನೆರಡು; ಇಬ್ಬರೂ ಸೇರಿದರೆ ಎಷ್ಟು? ಹುಡುಗ ಎರಡನ್ನೂ ಕೂಡಿ ಅರ್ಧ ಮಾಡಿ ಒಂಬತ್ತು ಅಂದ. ಹುಡುಗಿ ನಾಲ್ಕು ಅಂದಳು. ಒಬ್ಬನೇ ಆರರಲ್ಲಿ ಮುಗಿಸೋದು, ಜೊತೆಗೆ ಇನ್ನೊಬ್ಬರು ಬಂದರೆ ಒಂಬತ್ತಾಗುತ್ತಾ ಅಂತ ನಾನು ಕೇಳಿದೆ.

"ಆಗುತ್ತೆ ಕಣ್ರೀ. ಹೆಂಗಸು ಬಂದ್ರೆ ಮಾತು ಜಾಸ್ತಿ," ಅಂದರು. "ಹುಡುಗ ಜೀವನ ನೋಡಿ ಹೇಳಿದಾನೆ."

ನಾನು ಶಿವನನ್ನೂ ಮರೆತು ಬಾಯಿ ತೆರೆದೆ. ಅಷ್ಟರಲ್ಲಿ ಹುಡುಗಿ ಎದ್ದು ನಿಂತಳು.

"ಜೀವನ ನೋಡಿ ಅಂದ್ರೆ, ಇಬ್ರಿಗೂ ಅಡುಗೆ ಮಾಡಿದ್ದು ಯಾರು ಸಾರ್? ಅದನ್ನ ಲೆಕ್ಕದ ಗಂಡಸಿನ ತಲೆ ಮೇಲೆ ಹಾಕಿ, ಅವನ ಆರು ದಿನ ಎಷ್ಟಾಗುತ್ತೆ ಬಿಡಿಸಿ."

ಹೆಡ್‌ಮಾಸ್ಟರು ಸೀಮೆಸುಣ್ಣ ಕೆಳಗಿಟ್ಟರು.

"ಮೇಡಂ, ಇವಳ್ನ ಇವತ್ತೇ ಕಡೂರು ಬಸ್ ಹತ್ತಿಸಿ," ಅಂದರು. "ಇಲ್ಲೇ ಇದ್ರೆ ಈ ಲೆಕ್ಕನ ನಮ್ಮನೆಯವಳ ಕಿವಿಗೂ ಹಾಕ್ಬಿಡ್ತಾಳೆ."